ಕೋಟಿ ಎಣಿಸುವ ಆಟಗಾರನನ್ನು ಆಡಿಸುವುದೇನು?



ಚೈತ್ರ ವೈಶಾಖಗಳ ಬಿಸಿಲು ಏರುತ್ತಿದ್ದಂತೆ ಈ ಮುಂಬಯಿ ನಗರದಲ್ಲಿ ನಿಮಗೆ ಎರಡು ಪರೀಕ್ಷೆಗಳು ಒಟ್ಟಿಗೆ ಎದುರಾಗುತ್ತವೆ. ಒಂದು ಶಾಲೆಯ ವಾರ್ಷಿಕ ಪರೀಕ್ಷೆ. ಇನ್ನೊಂದು, ಪುಸ್ತಕವನ್ನು ಮುಂದೆ ತೆರೆದಿಟ್ಟುಕೊಂಡು, ಪಕ್ಕದ ಖೋಲಿಯ ದೂರದರ್ಶನದಿಂದ ತೂರಿ ಬರುವ ಐ.ಪಿ.ಎಲ್. ಪಂದ್ಯದ ಗದ್ದಲಕ್ಕೆ ಕಿವಿಗೊಡದೆ ಕುಳಿತಿರುವ ಪರೀಕ್ಷೆ. ಎರಡನೆಯದರಲ್ಲಿ ಉತ್ತೀರ್ಣರಾದವರನ್ನು ನಾನು ಇನ್ನೂ ಕಂಡಿಲ್ಲ.

ಮರುದಿನ ತರಗತಿಯಲ್ಲಿ ಅದರದೇ ಚರ್ಚೆ. ಗೆದ್ದ ತಂಡದ ಅಭಿಮಾನಿಗಳು ಆಟಗಾರರ ಶೌರ್ಯವನ್ನು ಕೊಂಡಾಡುತ್ತಾರೆ. ಸೋತ ತಂಡದವರು ಮುಖ ಸಿಂಡರಿಸಿ, "ಅವರಿಗೇನು, ಸೋತರೂ ದುಡ್ಡು ಬರುತ್ತದೆ, ದುಡ್ಡಿಗಾಗಿ ತಾನೆ ಆಡುವುದು?" ಎನ್ನುತ್ತಾರೆ. ಮನೆಯಲ್ಲಿ ಹಿರಿಯರೂ ಇದನ್ನೇ ಹೇಳುವುದುಂಟು. ಆದರೆ ಈ ಮಾತನ್ನು ಸ್ವಲ್ಪ ತಿರುಗಿಸಿ ನೋಡಿರಿ. ಸೋತರೂ ಸಂಬಳ ನಿಲ್ಲದೆಂದು ಬಲ್ಲವನು ಗಡಿಗೆರೆಯ ಬಳಿ ಚೆಂಡಿಗಾಗಿ ಹಾರಿಬಿದ್ದು ಮೊಣಕೈ ತರಚಿಕೊಳ್ಳುವುದೇಕೆ? ಮೂರು ತಲೆಮಾರಿಗೆ ಸಾಲುವಷ್ಟು ದ್ರವ್ಯ ಕೈಸೇರಿದ ಬಳಿಕವೂ ಒಬ್ಬ ಎಸೆಗಾರನು ಏಪ್ರಿಲ್ ತಿಂಗಳ ಸೆಕೆಯಲ್ಲಿ ಓಡಿಬಂದು ಮೈಮುರಿದು ಚೆಂಡೆಸೆಯುವುದು ಯಾವ ಪ್ರೇರಣೆಯಿಂದ? ಇದು ವಿಚಾರಿಸತಕ್ಕ ಪ್ರಶ್ನೆಯೇ ಹೊರತು ಒಂದೇ ಮಾತಿನಲ್ಲಿ ತಳ್ಳಿಹಾಕತಕ್ಕದ್ದಲ್ಲ.

ಮೊದಲು ಹಣದ ಲೆಕ್ಕವನ್ನು ಮುಗಿಸಿಬಿಡೋಣ. ಭಾರತದ ಕ್ರಿಕೆಟ್ ಮಂಡಳಿಯು ೨೦೦೮ರಲ್ಲಿ ಈ ಪಂದ್ಯಾವಳಿಯನ್ನು ಆರಂಭಿಸಿತು. ನಗರಗಳ ಹೆಸರಿನಲ್ಲಿ ತಂಡ ಕಟ್ಟುವ ಹಕ್ಕನ್ನು ಉದ್ಯಮಿಗಳಿಗೆ ಮಾರಿತು. ಆ ಹಕ್ಕಿಗೇ ಫ್ರಾಂಚೈಸಿ ಎಂದು ಹೆಸರು. ನಮ್ಮ ಮುಂಬಯಿಯ ಹಕ್ಕು ೧೧ ಕೋಟಿ ೧೯ ಲಕ್ಷ ಡಾಲರಿಗೂ ಬೆಂಗಳೂರಿನದು ೧೧ ಕೋಟಿ ೧೬ ಲಕ್ಷ ಡಾಲರಿಗೂ ಮಾರಾಟವಾದುವು. ಅದೇ ವರ್ಷ ಫೆಬ್ರವರಿ ೨೦ರಂದು ಇದೇ ಊರಿನಲ್ಲಿ ಆಟಗಾರರನ್ನು ಹರಾಜಿಗಿಟ್ಟರು. (ನಮ್ಮ ತರಗತಿಯಲ್ಲಿ ಧಾರವಾಡದ ಕಡೆಯ ಮಕ್ಕಳು ಇದನ್ನು ಲಿಲಾವು ಎನ್ನುತ್ತಾರೆ, ಉಡುಪಿಯ ಕಡೆಯವರು ಏಲಂ ಎನ್ನುತ್ತಾರೆ, ಮೈಸೂರಿನವರು ಹರಾಜು ಎನ್ನುತ್ತಾರೆ. ವಸ್ತು ಒಂದೇ, ಜಗಳವಾಡಬೇಡಿರಿ.) ಅಂದು ಚೆನ್ನೈ ತಂಡವು ಮಹೇಂದ್ರಸಿಂಗ್ ಧೋನಿಯನ್ನು ೧೫ ಲಕ್ಷ ಡಾಲರಿಗೆ ಕೊಂಡಾಗ ದೇಶವೇ ಬೆರಗಾಯಿತು. ೨೦೨೪ರ ನವೆಂಬರಿನಲ್ಲಿ ಸೌದಿ ಅರೇಬಿಯದ ಜೆಡ್ಡಾ ಪಟ್ಟಣದಲ್ಲಿ ನಡೆದ ಹರಾಜಿನಲ್ಲಿ ಲಖನೌ ತಂಡವು ರಿಷಭ್ ಪಂತನಿಗೆ ೨೭ ಕೋಟಿ ರೂಪಾಯಿ ತೆತ್ತಿತು. ಇಷ್ಟೊಂದು ಹಣದ ಒರತೆ ಎಲ್ಲಿದೆ ಎನ್ನುವಿರಾ? ಪಂದ್ಯಗಳನ್ನು ಬಿತ್ತರಿಸುವ ಹಕ್ಕಿನಲ್ಲಿ. ೨೦೨೩ರಿಂದ ೨೦೨೭ರವರೆಗಿನ ಐದು ವರ್ಷಗಳಿಗೆ ಆ ಹಕ್ಕು ೪೮,೩೯೦ ಕೋಟಿ ರೂಪಾಯಿಗೆ ಮಾರಾಟವಾಗಿದೆ. ನೀವು ಪುಸ್ತಕ ಮುಚ್ಚಿ ನೋಡುವ ಪ್ರತಿಯೊಂದು ಚೆಂಡಿಗೂ ಯಾರೋ ಬೆಲೆ ಕೊಟ್ಟಿರುತ್ತಾರೆ.

ಜೆಡ್ಡಾದ ಹರಾಜಿಗೆ ಹೆಸರು ಕೊಟ್ಟ ಆಟಗಾರರು ೧೫೭೪ ಮಂದಿ. ಮಾರಾಟವಾದವರು ೧೮೨. ಮಿಕ್ಕ ೧೩೯೨ ಮಂದಿಯ ಹೆಸರನ್ನು ಯಾವ ಪತ್ರಿಕೆಯೂ ದೊಡ್ಡಕ್ಷರದಲ್ಲಿ ಅಚ್ಚುಹಾಕಲಿಲ್ಲ. ಅವರೂ ಬೆಳಗಿನ ಐದು ಗಂಟೆಗೆ ಎದ್ದು ಅಭ್ಯಾಸ ಮಾಡಿದವರೇ. ಹಣವೊಂದೇ ಪ್ರೇರಣೆಯಾಗಿದ್ದರೆ ಅವರೆಲ್ಲ ಮಾರನೆಯ ದಿನವೇ ದಾಂಡನ್ನು ಅಟ್ಟಕ್ಕೆ ಎಸೆದು ಬೇರೆ ಉದ್ಯೋಗ ಹಿಡಿಯಬೇಕಾಗಿತ್ತು. ಬಹುಮಂದಿ ಹಾಗೆ ಮಾಡುವುದಿಲ್ಲ.

ಹಣಕ್ಕಾಗಿ ಆಡುವವನು ಕೀಳು, ಸಂತೋಷಕ್ಕಾಗಿ ಆಡುವವನು ಮೇಲು ಎಂಬ ಭಾವನೆ ನಮ್ಮಲ್ಲಿ ಎಲ್ಲಿಂದ ಬಂತು? ಆಟದ ಜೊತೆಗೇ ಇಂಗ್ಲೆಂಡಿನಿಂದ ಬಂತು ಎಂದು ನನಗೆ ತೋರುತ್ತದೆ. ಅಲ್ಲಿ ೧೮೦೬ರಿಂದ ೧೯೬೨ರವರೆಗೆ 'ಜಂಟಲ್‌ಮನ್ನರು' ಮತ್ತು 'ಪ್ಲೇಯರು'ಗಳ ನಡುವೆ ಪಂದ್ಯ ನಡೆಯುತ್ತಿತ್ತು. ಮೊದಲನೆಯವರು ಹವ್ಯಾಸಿಗಳು, ಎಂದರೆ ಕೂಲಿ ಪಡೆಯದೆ ಆಡುವ ಅನುಕೂಲಸ್ಥರು. ಎರಡನೆಯವರು ಕೂಲಿಗಾಗಿ ಆಡುವ ವೃತ್ತಿಗಾರರು. ಒಂದೇ ತಂಡದಲ್ಲಿದ್ದರೂ ಇವರಿಗೆ ಉಡುಪು ಬದಲಿಸುವ ಕೋಣೆ ಬೇರೆ, ಮೈದಾನಕ್ಕೆ ಇಳಿಯುವ ಬಾಗಿಲು ಬೇರೆ. ಅಂಕಪಟ್ಟಿಯಲ್ಲಿ ಹವ್ಯಾಸಿಯ ಹೆಸರಿನ ಮೊದಲಕ್ಷರಗಳು ಕುಲನಾಮದ ಹಿಂದೆ ಬರಬೇಕು, ವೃತ್ತಿಗಾರನವು ಮುಂದೆ. ೧೯೫೦ರ ಸುಮಾರಿಗೆ ಲಾರ್ಡ್ಸ್ ಮೈದಾನದಲ್ಲಿ ಫ್ರೆಡ್ ಟಿಟ್ಮಸ್ ಎಂಬ ತರುಣ ವೃತ್ತಿಗಾರನ ಹೆಸರು ಪ್ರಮಾದವಶಾತ್ ಎಫ್.ಜೆ. ಟಿಟ್ಮಸ್ ಎಂದು ಅಚ್ಚಾಗಿಬಿಟ್ಟಿತು. ಅದನ್ನು ಟಿಟ್ಮಸ್ ಎಫ್.ಜೆ. ಎಂದು ತಿದ್ದಿಕೊಳ್ಳಬೇಕೆಂದು ಧ್ವನಿವರ್ಧಕದಲ್ಲಿ ಸಾರಲಾಯಿತಂತೆ! ನಗು ಬರುತ್ತದೆ, ಅಲ್ಲವೆ? ಆದರೆ ಪಂಕ್ತಿಭೇದವನ್ನು ಕಂಡ ನಮ್ಮ ನಾಡಿನವರು ಹೆಚ್ಚು ನಗುವಂತಿಲ್ಲ. ಇಂಗ್ಲೆಂಡಿಗೆ ಇಪ್ಪತ್ತನೆಯ ಶತಮಾನದಲ್ಲಿ ಮೊದಲ ವೃತ್ತಿಗಾರ ನಾಯಕನು ದೊರೆತದ್ದು ೧೯೫೨ರಲ್ಲಿ, ಲೆನ್ ಹಟನ್ನನ ರೂಪದಲ್ಲಿ. ೧೯೬೨ರ ಕೊನೆಯಲ್ಲಿ ಈ ಭೇದವನ್ನೇ ರದ್ದುಪಡಿಸಿದರು. ಹೊಟ್ಟೆ ತುಂಬಿದವನಿಗೆ ಮಾತ್ರ ಆಟದ ಮೇಲೆ ನಿಜವಾದ ಪ್ರೀತಿಯಿರುತ್ತದೆಂಬುದು ಹೊಟ್ಟೆ ತುಂಬಿದವರೇ ಕಟ್ಟಿದ ಸಿದ್ಧಾಂತ. ಸಂಬಳ ಪಡೆಯುವ ಉಪಾಧ್ಯಾಯನಿಗೆ ಪಾಠದ ಮೇಲೆ ಪ್ರೀತಿಯಿಲ್ಲವೆಂದು ನೀವು ಹೇಳುವಿರಾ? (ಉತ್ತರವನ್ನು ಗಟ್ಟಿಯಾಗಿ ಹೇಳಬೇಡಿರಿ.)

ನಮ್ಮ ದೇಶದಲ್ಲಿ ಬಹುಕಾಲ ಆಟವು ಅನ್ನ ಕೊಡುತ್ತಿರಲಿಲ್ಲ. ಅನ್ನಕ್ಕೆ ಬ್ಯಾಂಕು, ರೈಲ್ವೆ, ಕಾರಖಾನೆಗಳ ನೌಕರಿಯೇ ಗತಿ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥರು ೧೯೬೯ರಲ್ಲಿ ಕಾನ್ಪುರದ ಮೊದಲ ಟೆಸ್ಟಿನಲ್ಲೇ ೧೩೭ ಓಟ ಹೊಡೆದರು. ಅವರು ಸ್ಟೇಟ್ ಬ್ಯಾಂಕಿನ ನೌಕರರು. ಎರಪಳ್ಳಿ ಪ್ರಸನ್ನರ ಕಥೆ ಇನ್ನೂ ವಿಚಿತ್ರ. ೧೯೬೨ರಲ್ಲಿ ಟೆಸ್ಟ್ ಆಟಗಾರರಾಗಿ ವೆಸ್ಟ್ ಇಂಡೀಸಿಗೂ ಹೋಗಿಬಂದ ಅವರು ಆಟವನ್ನು ಬದಿಗಿಟ್ಟು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ ಮುಗಿಸಿದರು. ಮುಂದಿನ ಟೆಸ್ಟ್ ಆಡಿದ್ದು ೧೯೬೭ರಲ್ಲಿ! ಹರೆಯದ ಐದು ವರ್ಷಗಳನ್ನು ವಿದ್ಯೆಗೆ ಕೊಟ್ಟರು, ಏಕೆಂದರೆ ಆಟವನ್ನು ನೆಚ್ಚಿ ಸಂಸಾರ ಹೂಡುವಂತಿರಲಿಲ್ಲ. ೧೯೮೩ರ ಜೂನ್ ೨೫ರಂದು ವಿಶ್ವಕಪ್ಪನ್ನು ಗೆದ್ದ ತಂಡಕ್ಕೆ ಬಹುಮಾನ ಕೊಡಲು ಮಂಡಳಿಯ ಬಳಿ ಹಣವಿರಲಿಲ್ಲವೆಂದರೆ ನೀವು ನಂಬಲಿಕ್ಕಿಲ್ಲ. ಲತಾ ಮಂಗೇಶ್ಕರರು ಸಂಭಾವನೆ ಪಡೆಯದೆ ದೆಹಲಿಯಲ್ಲಿ ಹಾಡಿದರು. ಅದರ ಉತ್ಪನ್ನದಿಂದ ಆಟಗಾರರಿಗೆ ತಲಾ ಒಂದು ಲಕ್ಷ ರೂಪಾಯಿ ಸಂದಿತು. ಆ ಕಾಲದವರು ಹಣವಿಲ್ಲದೆಯೇ ಆಡಿದರು ಎಂದು ಹೊಗಳುವವರಿದ್ದಾರೆ. ನಾನು ಆ ಹೊಗಳಿಕೆಯನ್ನು ಒಪ್ಪುವುದಿಲ್ಲ. ಅವರಿಗೆ ಸಲ್ಲಬೇಕಾದುದು ಸಲ್ಲಲಿಲ್ಲ, ಅಷ್ಟೇ.

ಆದುದರಿಂದ ಹಣವು ಪ್ರೇರಣೆಯಲ್ಲವೆಂದು ನಟಿಸುವುದು ಬೇಡ. ಅಲೀಗಢದ ರಿಂಕೂ ಸಿಂಗನ ತಂದೆ ಮನೆಮನೆಗೆ ಅಡಿಗೆ ಅನಿಲದ ಸಿಲಿಂಡರು ಹೊರುತ್ತಿದ್ದರು. ಮಗನಿಗೆ ನೆಲ ಒರೆಸುವ ಕೆಲಸವೊಂದು ದೊರೆಯುವುದರಲ್ಲಿತ್ತು. ೨೦೧೮ರಲ್ಲಿ ಕೊಲ್ಕತ್ತ ತಂಡವು ಆತನನ್ನು ೮೦ ಲಕ್ಷಕ್ಕೆ ಕೊಂಡಿತು. ಅಂಥ ಮನೆಗೆ ೮೦ ಲಕ್ಷವೆಂದರೆ ವೈಭವವಲ್ಲ; ಸಾಲ ತೀರುವುದು, ಸೂರು ನಿಲ್ಲುವುದು. ೨೦೨೩ರ ಏಪ್ರಿಲ್ ೯ರಂದು ಅಹಮದಾಬಾದಿನಲ್ಲಿ ಕೊನೆಯ ಐದು ಚೆಂಡುಗಳಿಗೆ ೨೮ ಓಟ ಬೇಕಾಗಿದ್ದಾಗ ಐದನ್ನೂ ಸಿಕ್ಸರಿಗೆ ಎತ್ತಿದವನು ಈತನೇ. ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯ ನಟರಾಜನು ೨೦೧೭ರಲ್ಲಿ ೩ ಕೋಟಿಗೆ ಮಾರಾಟವಾದನು. ತನ್ನ ಹಳ್ಳಿಯಲ್ಲೇ ಹುಡುಗರಿಗಾಗಿ ತರಬೇತಿಯ ಕೇಂದ್ರ ಕಟ್ಟಿಸಿದನು. ನಮ್ಮ ಶಾಲೆಯಿಂದ ದೂರವಿಲ್ಲದ ಆಜಾದ್ ಮೈದಾನದ ಗುಡಾರದಲ್ಲಿ ಮಲಗಿ ಬೆಳೆದ ಯಶಸ್ವಿ ಜೈಸ್ವಾಲನ ಸಂಗತಿ ನಿಮಗೆ ಗೊತ್ತೇ ಇದೆ. ಉತ್ತರ ಪ್ರದೇಶದ ಭದೋಹಿಯಿಂದ ಈ ಊರಿಗೆ ಬಂದ ಹುಡುಗನವನು. ೨೦೧೯ರ ಡಿಸೆಂಬರಿನಲ್ಲಿ ೨ ಕೋಟಿ ೪೦ ಲಕ್ಷ ಅವನ ಬೆಲೆಯಾಯಿತು. ಹೊಟ್ಟೆಪಾಡಿಗಾಗಿ ಘಟ್ಟವಿಳಿದೋ ರೈಲು ಹತ್ತಿಯೋ ಈ ಪಟ್ಟಣ ಸೇರಿದವರ ಮಕ್ಕಳು ನಾವು. ಊರಿಗೆ ಕಳುಹಿಸುವ ಹಣದ ತೂಕ ಎಷ್ಟೆಂಬುದನ್ನು ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಇತರ ವೃತ್ತಿಗಳಲ್ಲಿ ಅರುವತ್ತರವರೆಗೆ ದುಡಿಯಬಹುದು. ಆಟಗಾರನ ಗಳಿಕೆಯ ಆಯುಸ್ಸು ಹತ್ತು ಹದಿನೈದು ವರ್ಷ. ವೇಗದ ಎಸೆಗಾರನದು ಅದಕ್ಕಿಂತಲೂ ಕಡಮೆ. ಬೆನ್ನೆಲುಬಿನಲ್ಲಿ ಒಂದು ಬಿರುಕು ಬಿಟ್ಟರೆ ಸಾಕು. ರಣಜಿ ಪಂದ್ಯದಲ್ಲಿ ನಲವತ್ತಕ್ಕೆ ಮೇಲ್ಪಟ್ಟು ಪಂದ್ಯಗಳನ್ನಾಡಿದವನಿಗೆ ದಿನಕ್ಕೆ ೬೦ ಸಾವಿರ ರೂಪಾಯಿಯೆಂದೂ ಹೊಸಬನಿಗೆ ೪೦ ಸಾವಿರವೆಂದೂ ೨೦೨೧ರಲ್ಲಿ ಗೊತ್ತುಪಡಿಸಿದರು. ಐ.ಪಿ.ಎಲ್.ನಲ್ಲಾದರೋ ಹರಾಜಿನ ಬೆಲೆಯಲ್ಲದೆ, ೨೦೨೫ರ ಪಂದ್ಯಾವಳಿಯಿಂದ ಆಡಿದ ಒಂದೊಂದು ಪಂದ್ಯಕ್ಕೂ ಏಳೂವರೆ ಲಕ್ಷ. ನಾಲ್ಕು ದಿನ ಬಿಸಿಲಲ್ಲಿ ಬೇಯುವುದಕ್ಕೂ ಒಂದು ಸಂಜೆ ಆಡುವುದಕ್ಕೂ ಇರುವ ಅಂತರವನ್ನು ನೀವೇ ಲೆಕ್ಕಹಾಕಿರಿ. ಗಣಿತದ ಗುರುಗಳು ಸಂತೋಷಪಡುವರು.

ಹಣವು ಮನುಷ್ಯನನ್ನು ಬಾಗಿಲವರೆಗೆ ಕರೆತರುತ್ತದೆ, ಸರಿ. ಒಳಗೆ ಬಂದ ಮೇಲೆ ಅವನನ್ನು ನಡೆಸುವುದೇನು? ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗದಿಂದ ಪರೀಕ್ಷಿಸಿದ್ದಾರೆ. ೧೯೭೩ರಲ್ಲಿ ಅಮೆರಿಕದ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡರು. ಎಲ್ಲರೂ ಚಿತ್ರ ಬರೆಯುವುದರಲ್ಲಿ ಆಸಕ್ತಿಯುಳ್ಳವರೇ. ಕೆಲವರಿಗೆ, ಚಿತ್ರ ಬರೆದರೆ ಚಿನ್ನದ ಮೊಹರಿನ ಪ್ರಶಸ್ತಿಪತ್ರ ಕೊಡುವೆವೆಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಕೆಲವು ದಿನಗಳ ತರುವಾಯ ಮಕ್ಕಳು ತಮ್ಮಷ್ಟಕ್ಕೆ ಆಡುತ್ತಿರುವಾಗ ಮರೆಯಲ್ಲಿ ನಿಂತು ನೋಡಿದರೆ, ಬಹುಮಾನದ ಆಸೆಯಿಂದ ಬರೆದಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು! ಮೊದಲು ಆಟವಾಗಿದ್ದುದು ಅವರ ಪಾಲಿಗೆ ಕೆಲಸವಾಗಿಹೋಗಿತ್ತು. ಆದರೆ ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದವರ ಆಸಕ್ತಿ ಕುಂದಿರಲಿಲ್ಲ.

ಹಾಗಾದರೆ ಕೋಟಿ ಪಡೆದ ಆಟಗಾರನ ಪ್ರೀತಿಯೂ ಬತ್ತಿಹೋಗಬೇಕಲ್ಲ? ಇಲ್ಲೊಂದು ಸೂಕ್ಷ್ಮವಿದೆ. ಎಡ್ವರ್ಡ್ ಡೇಸಿ ಮತ್ತು ರಿಚರ್ಡ್ ರಯನ್ ಎಂಬ ವಿದ್ವಾಂಸರು ಹೇಳುವ ಪ್ರಕಾರ ಬಹುಮಾನಕ್ಕೆ ಎರಡು ಮುಖಗಳುಂಟು. ಅದು ಮೂಗುದಾರವಾಗಿ ತೋರಿದರೆ ಉತ್ಸಾಹ ಸಾಯುತ್ತದೆ. ನಿನ್ನ ವಿದ್ಯೆ ಇಷ್ಟು ಎತ್ತರಕ್ಕೆ ಬೆಳೆದಿದೆ ಎಂಬ ಸುದ್ದಿಯಾಗಿ ಬಂದರೆ ಉತ್ಸಾಹ ಚಿಗುರುತ್ತದೆ. ತನ್ನ ದಾರಿಯನ್ನು ತಾನೇ ಆರಿಸಿಕೊಂಡೆನೆಂಬ ಭಾವ, ತನ್ನ ಕೈ ಪಳಗುತ್ತಿದೆಯೆಂಬ ಅರಿವು, ಒಡನಾಡಿಗಳ ನಡುವೆ ತಾನೊಬ್ಬನೆಂಬ ನೆಮ್ಮದಿ, ಇವುಗಳ ಮೇಲೆ ಒಳಗಿನ ಪ್ರೇರಣೆ ನಿಂತಿದೆಯೆಂದು ಅವರ ಮತ. ಹರಾಜಿನ ಬೆಲೆಯಲ್ಲಿ ಈ ಎರಡು ಮುಖಗಳೂ ಇವೆ. ಹನ್ನೊಂದು ಮಂದಿಯ ನಡುವೆ ಕೂತ ತರುಣನಿಗೆ ತನ್ನ ಬೆಲೆಯೆಷ್ಟೆಂದು ಲೋಕಕ್ಕೆಲ್ಲ ಗೊತ್ತಿರುತ್ತದೆ. ಎರಡು ಪಂದ್ಯಗಳಲ್ಲಿ ಸೊನ್ನೆಗೆ ಔಟಾದರೆ ಆ ಸಂಖ್ಯೆಯೇ ಬೆನ್ನ ಮೇಲಿನ ಮೂಟೆ. ಅದೇ ವೇಳೆಗೆ, ನಿನ್ನೆಯವರೆಗೆ ಭಿತ್ತಿಚಿತ್ರದಲ್ಲಿ ನೋಡಿದ್ದ ಪರದೇಶದ ಮಹಾ ಎಸೆಗಾರನು ಪಕ್ಕದಲ್ಲಿ ಕೂತು ಚೆಂಡಿನ ಹೊಲಿಗೆಯ ಮೇಲೆ ಬೆರಳಿಡುವುದು ಹೇಗೆಂದು ತೋರಿಸುತ್ತಾನೆ. ಎರಡು ತಿಂಗಳ ಈ ಗುರುಕುಲವಾಸಕ್ಕೆ ಬೆಲೆ ಕಟ್ಟುವುದು ಹೇಗೆ?

ಹಣವನ್ನು ಬೇಡವೆಂದವರೂ ಇದ್ದಾರೆ. ಆಸ್ಟ್ರೇಲಿಯದ ಮಿಚೆಲ್ ಸ್ಟಾರ್ಕ್ ೨೦೧೫ರಲ್ಲಿ ಬೆಂಗಳೂರಿನ ಪರವಾಗಿ ಆಡಿದ ಮೇಲೆ ಎಂಟು ಪಂದ್ಯಾವಳಿಗಳಲ್ಲಿ ಕಾಣಿಸಿಕೊಳ್ಳಲಿಲ್ಲ. ನಡುವೆ ೨೦೧೮ರಲ್ಲಿ ಗಾಯದ ದೆಸೆಯಿಂದ ತಪ್ಪಿತು. ಮಿಕ್ಕ ವರ್ಷಗಳಲ್ಲಿ ಬಹುಮಟ್ಟಿಗೆ ತಾನಾಗಿಯೇ ದೂರ ನಿಂತನು. ಟೆಸ್ಟ್ ಪಂದ್ಯಗಳಿಗಾಗಿ ದೇಹವನ್ನು ಕಾಪಾಡಿಕೊಳ್ಳಬೇಕು, ಮನೆಯವರೊಡನೆ ಕೆಲವು ವಾರ ಇರಬೇಕು ಎಂಬುದು ಆತನ ಲೆಕ್ಕ. ಮರಳಿ ಬಂದಾಗ, ೨೦೨೩ರ ಡಿಸೆಂಬರಿನಲ್ಲಿ, ಕೊಲ್ಕತ್ತ ತಂಡವು ೨೪ ಕೋಟಿ ೭೫ ಲಕ್ಷ ಕೊಟ್ಟಿತು. ಮೊದಲ ಪಂದ್ಯಗಳಲ್ಲಿ ಏಟು ತಿಂದು ಅಪಹಾಸ್ಯಕ್ಕೀಡಾದವನು ಕೊನೆಯ ಘಟ್ಟದ ಎರಡು ಪಂದ್ಯಗಳಲ್ಲಿ ಪಂದ್ಯಪುರುಷನಾಗಿ ಕಪ್ಪು ಗೆದ್ದುಕೊಟ್ಟನು. ಇದಕ್ಕೆ ವಿರುದ್ಧವಾದ ದಾರಿ ಹಿಡಿದವರೂ ಉಂಟು. ನ್ಯೂಜಿಲೆಂಡಿನ ಟ್ರೆಂಟ್ ಬೌಲ್ಟ್ ೨೦೨೨ರಲ್ಲಿ ತನ್ನ ದೇಶದ ಮಂಡಳಿಯ ಕರಾರಿನಿಂದ ಬಿಡುಗಡೆ ಪಡೆದನು. ವೆಸ್ಟ್ ಇಂಡೀಸಿನ ನಿಕೊಲಸ್ ಪೂರನ್ ೨೦೨೫ರಲ್ಲಿ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲೇ, ಅಂತರರಾಷ್ಟ್ರೀಯ ಆಟದಿಂದ ನಿವೃತ್ತನಾದನು. ಚಿಕ್ಕ ದೇಶಗಳ ಮಂಡಳಿಗಳ ಬೊಕ್ಕಸ ಚಿಕ್ಕದು. ಅವರನ್ನು ದೂರುವುದು ಸುಲಭ. ಆದರೆ ದೂರುವ ಹಕ್ಕು ನಮಗಿದೆಯೆ ಎಂದು ನನಗೆ ಸಂಶಯ.

ನಮ್ಮ ಮಂಡಳಿಯೂ ೨೦೨೪ರ ಮಾರ್ಚಿಯಲ್ಲಿ ಒಂದು ಯೋಜನೆಯನ್ನು ಸಾರಿತು. ವರ್ಷದ ಟೆಸ್ಟುಗಳಲ್ಲಿ ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಆಡುವವನಿಗೆ ಪಂದ್ಯದ ೧೫ ಲಕ್ಷ ಶುಲ್ಕವಲ್ಲದೆ ಇನ್ನೂ ೪೫ ಲಕ್ಷ! ಹಣದಿಂದ ಬೇರೆಡೆಗೆ ಹೊರಳಿದ ಮನಸ್ಸನ್ನು ಹಣದಿಂದಲೇ ಹಿಂದಕ್ಕೆ ಕರೆಯುವ ಉಪಾಯ. ಶಿಶುವಿಹಾರದ ಚಿನ್ನದ ಮೊಹರು ನಿಮಗೆ ನೆನಪಾದರೆ ತಪ್ಪಿಲ್ಲ. ಆದರೂ ಹೈದರಾಬಾದಿನ ಮುಹಮ್ಮದ್ ಸಿರಾಜನನ್ನು ನೋಡಿರಿ. ಆಟೋ ಓಡಿಸಿ ಮಗನನ್ನು ಬೆಳೆಸಿದ ತಂದೆ ೨೦೨೦ರ ನವೆಂಬರಿನಲ್ಲಿ ತೀರಿಕೊಂಡಾಗ ಸಿರಾಜ್ ಆಸ್ಟ್ರೇಲಿಯದಲ್ಲಿದ್ದನು. ೨೦೧೭ರಲ್ಲೇ ೨ ಕೋಟಿ ೬೦ ಲಕ್ಷಕ್ಕೆ ಮಾರಾಟವಾಗಿದ್ದವನು. ಬಡತನ ಆಗಲೇ ಕಳೆದಿತ್ತು. ಊರಿಗೆ ಮರಳಬಹುದಾಗಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಮಗನು ಭಾರತದ ಪರವಾಗಿ ಟೆಸ್ಟ್ ಆಡುವುದು ತಂದೆಯ ಆಸೆಯಾಗಿತ್ತೆಂದು ಅಲ್ಲೇ ಉಳಿದನು. ಜನವರಿಯಲ್ಲಿ ಬ್ರಿಸ್ಬೇನಿನ ಒಂದೇ ಸರದಿಯಲ್ಲಿ ಐದು ಹುದ್ದರಿಗಳನ್ನು ಉರುಳಿಸಿದನು. ವಿರಾಟ್ ಕೊಹ್ಲಿಯಂತೂ ಹದಿನೆಂಟು ವರ್ಷ ಬೆಂಗಳೂರು ತಂಡವೊಂದರಲ್ಲೇ ಇದ್ದು ೨೦೨೫ರ ಜೂನ್ ೩ರಂದು ಕಪ್ಪು ಗೆದ್ದಾಗ ಕಣ್ಣೀರು ಸುರಿಸಿದನು. ಅದೇ ರಾತ್ರಿ, ಈ ಗೆಲುವು ಟೆಸ್ಟ್ ಆಟಕ್ಕಿಂತ ಐದು ಮೆಟ್ಟಿಲು ಕೆಳಗೆ ಎಂದೂ ಹೇಳಿದನು.

ಹುಡುಗಿಯರು ಈ ಲೇಖನದಲ್ಲಿ ತಮಗೇನೂ ಇಲ್ಲವೆಂದು ಪುಟ ತಿರುವಬಾರದು. ಮಹಿಳೆಯರ ಪಂದ್ಯಾವಳಿ ೨೦೨೩ರಲ್ಲಿ ಆರಂಭವಾಯಿತು. ಮೊದಲ ಹರಾಜು ಇದೇ ಮುಂಬಯಿಯಲ್ಲಿ. ೨೦೨೪ರ ಅಂತಿಮ ಪಂದ್ಯದಲ್ಲಿ ದೆಹಲಿಯ ನಾಲ್ಕು ಹುದ್ದರಿಗಳನ್ನು ೧೨ ಓಟಗಳಿಗೆ ಪಡೆದು ಬೆಂಗಳೂರನ್ನು ಗೆಲ್ಲಿಸಿದವಳು ಕರ್ನಾಟಕದ ಶ್ರೇಯಾಂಕಾ ಪಾಟೀಲ. ಅವಳ ಮುಂಚಿನ ಪೀಳಿಗೆಯವರಿಗೆ ಇಂಥ ಗಳಿಕೆ ಕನಸಿನಲ್ಲೂ ಇರಲಿಲ್ಲ, ಆದರೂ ಆಡಿದರು.

ಕೊನೆಯದಾಗಿ ನನಗೆ ಬಹಳ ಮೆಚ್ಚಿಗೆಯಾದ ಒಬ್ಬನ ವೃತ್ತಾಂತ. ಬೆಂಗಳೂರಿನಲ್ಲಿ ಆಟ ಕಲಿತ ಕರುಣ್ ನಾಯರ್ ೨೦೧೬ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ವಿರುದ್ಧ ಔಟಾಗದೆ ೩೦೩ ಓಟ ಹೊಡೆದನು. ಟೆಸ್ಟಿನಲ್ಲಿ ತ್ರಿಶತಕ ಹೊಡೆದ ಎರಡನೆಯ ಭಾರತೀಯ. ಮೂರೇ ತಿಂಗಳಲ್ಲಿ ತಂಡದಿಂದ ಹೊರಬಿದ್ದನು. ವರ್ಷಗಳು ಉರುಳಿದುವು. ೨೦೨೨ರಲ್ಲಿ ಕರ್ನಾಟಕ ತಂಡದಲ್ಲೂ ಸ್ಥಳವಿಲ್ಲವಾಯಿತು. ಆ ಡಿಸೆಂಬರಿನಲ್ಲಿ ಆತನು, ಇನ್ನೊಂದು ಅವಕಾಶ ಕೊಡೆಂದು ಕ್ರಿಕೆಟ್ಟನ್ನೇ ಸಂಬೋಧಿಸಿ ಬಹಿರಂಗವಾಗಿ ಬೇಡಿಕೊಂಡನು. ಗಮನಿಸಿರಿ, ಆತನು ಮಂಡಳಿಯನ್ನು ಬೇಡಲಿಲ್ಲ, ತಂಡಗಳ ಒಡೆಯರನ್ನು ಬೇಡಲಿಲ್ಲ. ಮೂವತ್ತು ದಾಟಿದ ಮೇಲೆ ಹುಟ್ಟಿ ಬೆಳೆದ ತಂಡವನ್ನು ಬಿಟ್ಟು ವಿದರ್ಭಕ್ಕೆ ಹೋದನು. ಪರಸ್ಥಳದಲ್ಲಿ ಹೊಸದಾಗಿ ಹೆಸರು ಸಂಪಾದಿಸುವ ಕಷ್ಟ ನಿಮ್ಮ ತಂದೆತಾಯಿಗಳಿಗೆ ತಿಳಿದಿದೆ. ೨೦೨೪-೨೫ರ ವಿಜಯ ಹಜಾರೆ ಪಂದ್ಯಾವಳಿಯಲ್ಲಿ ಐದು ಶತಕಗಳೊಡನೆ ೭೭೯ ಓಟ, ರಣಜಿಯಲ್ಲಿ ೮೬೩, ಕೇರಳದ ವಿರುದ್ಧ ಅಂತಿಮ ಪಂದ್ಯದಲ್ಲಿ ೮೬ ಮತ್ತು ೧೩೫, ಕಪ್ಪು ವಿದರ್ಭಕ್ಕೆ.

ಜೆಡ್ಡಾದ ಹರಾಜಿನಲ್ಲಿ ಈ ತ್ರಿಶತಕವೀರನ ಬೆಲೆ ೫೦ ಲಕ್ಷ. ಅಂದರೆ ಪಂತನ ಬೆಲೆಯ ಐವತ್ತನಾಲ್ಕರಲ್ಲೊಂದು ಪಾಲು. ೨೦೨೫ರ ಏಪ್ರಿಲ್ ೧೩ರಂದು ದೆಹಲಿಯ ಪರವಾಗಿ ಮುಂಬಯಿಯ ಎದುರು ಆತನನ್ನು ಕಣಕ್ಕಿಳಿಸಿದರು. ಎದುರಿಗೆ ಬುಮ್ರಾ. ನಲವತ್ತು ಚೆಂಡುಗಳಲ್ಲಿ ೮೯ ಓಟ! ಆ ಸಂಜೆ ನಮ್ಮ ಹುಡುಗರಲ್ಲಿ ಅನೇಕರು ಯಾರ ಕಡೆ ಕೂಗಬೇಕೆಂದು ತಿಳಿಯದೆ ಒದ್ದಾಡಿದರು. ದೆಹಲಿ ಸೋತಿತು, ಆ ಮಾತು ಬೇರೆ. ಜೂನಿನಲ್ಲಿ ಲೀಡ್ಸಿನ ಮೈದಾನದಲ್ಲಿ ಆತನು ಎಂಟು ವರ್ಷಗಳ ಬಳಿಕ ಮತ್ತೆ ಭಾರತದ ಬಿಳಿ ಉಡುಪನ್ನು ತೊಟ್ಟನು. ನಾಲ್ಕು ಟೆಸ್ಟುಗಳಾಡಿ ಒಂದೇ ಅರ್ಧಶತಕ ಹೊಡೆದನು. ಮುಂದಿನ ಸರಣಿಗೆ ಆತನನ್ನು ಆರಿಸಲಿಲ್ಲ.

೨೦೨೫ರ ಅಕ್ಟೋಬರಿನಲ್ಲಿ ಕರುಣ್ ಮರಳಿ ಕರ್ನಾಟಕದ ತಂಡ ಸೇರಿದನು. ಶಿವಮೊಗ್ಗದಲ್ಲಿ ಗೋವದ ವಿರುದ್ಧ ರಣಜಿ ಪಂದ್ಯ. ದಿನಕ್ಕೆ ೬೦ ಸಾವಿರ ರೂಪಾಯಿಯ ಆಟ. ಕೊನೆಯವರೆಗೂ ಔಟಾಗದೆ ೧೭೪ ಓಟ ಹೊಡೆದನು.